ಕೋವಿ ಯಾರ ಕೈಯಲ್ಲಿ? ಹಲಗಲಿಯಿಂದ ಮಡಿಕೇರಿಯವರೆಗೆ

(ಮೈಸೂರಿನಲ್ಲಿ ಕಾನೂನು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನ್ನ ಜೇಬಿನಲ್ಲಿ ಒಂದು ಕಾಗದವಿದೆ. ಮೊಹರು ಬಿದ್ದ ಕೋವಿ ವಿನಾಯಿತಿ ಪತ್ರ. ಈ ಕಾಗದದ ಬಲದಿಂದ ನಾನು ಪರವಾನಗಿ ಇಲ್ಲದೆಯೇ ಮನೆಯಲ್ಲಿ ಕೋವಿ ಇಟ್ಟುಕೊಂಡಿದ್ದೇನೆ. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಹೆಚ್ಚಿನವರು ಹಾಗೆ ಇಟ್ಟುಕೊಂಡರೆ ಜೈಲಿಗೆ ಹೋಗಬೇಕಾಗುತ್ತದೆ. ನಿಮಗಿಂತ ನಾನು ಹೆಚ್ಚು ನಂಬಿಗಸ್ತ ಎಂದು ತೀರ್ಮಾನಿಸಿ ಇದನ್ನು ಕೊಟ್ಟದ್ದಲ್ಲ. ನನ್ನ ಹಿರಿಯರು ಕೊಡಗಿನಲ್ಲಿ ಜಮ್ಮಾ ಹಿಡುವಳಿದಾರರಾಗಿದ್ದರು, ಅಂದರೆ ಸೈನಿಕ ಸೇವೆಗೆ ಪ್ರತಿಯಾಗಿ ಭೂಮಿ ಪಡೆದವರು. ನಾನು ಆ ಮನೆಯಲ್ಲಿ ಹುಟ್ಟಿದೆ. ಕಾರಣ ಅಷ್ಟೇ.

ಮಡಿಕೇರಿಯಲ್ಲಿ ಮೂವತ್ತು ವರ್ಷ ವಕೀಲಿಕೆ ಮಾಡಿ ಈಗ ತೋಟ ನೋಡಿಕೊಂಡಿದ್ದೇನೆ. ಶಸ್ತ್ರಾಸ್ತ್ರ ಕಾಯ್ದೆಯ ಮೊಕದ್ದಮೆಗಳನ್ನು ನಡೆಸಿದ್ದೇನೆ, ಕೋವಿ ಇರುವ ಮನೆಯಲ್ಲೇ ಬೆಳೆದಿದ್ದೇನೆ. ಆ ಎರಡೂ ಅನುಭವಗಳನ್ನು ಇಟ್ಟುಕೊಂಡು ಇಂದು ಮಾತನಾಡುತ್ತೇನೆ. ಕೋವಿಯ ಹಕ್ಕು ಎಂದ ಕೂಡಲೇ ನೀವು ಅಮೆರಿಕವನ್ನು ನೆನೆಯುತ್ತೀರಿ ಎಂದು ಗೊತ್ತು. ಅಲ್ಲಿಗೂ ಒಂದು ಗಳಿಗೆ ಹೋಗಿ ಬರೋಣ. ಆದರೆ ಈ ಜಗಳ ನಮ್ಮ ನೆಲದಲ್ಲೇ ನೂರೈವತ್ತು ವರ್ಷಕ್ಕೂ ಹಿಂದೆ ನಡೆದಿದೆ, ಅದಕ್ಕಾಗಿ ರಕ್ತವೂ ಹರಿದಿದೆ. ಮೊದಲು ಅದನ್ನು ಹೇಳಬೇಕು.

1857ರ ನವೆಂಬರ್. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ಹಲಗಲಿ ಎಂಬ ಊರು. ಉತ್ತರದಲ್ಲಿ ಸಿಪಾಯಿಗಳ ದಂಗೆ ಎದ್ದ ಮೇಲೆ ಬೆದರಿದ ಬ್ರಿಟಿಷರು ಜನರ ಕೈಯಲ್ಲಿದ್ದ ಆಯುಧಗಳನ್ನೆಲ್ಲ ಕಿತ್ತುಕೊಳ್ಳಲು ಕಾಯ್ದೆ ತಂದರು. ಹಲಗಲಿಯ ಬೇಡರಿಗೆ ಹತಾರವೆಂದರೆ ಹೊಟ್ಟೆಯ ಅನ್ನ, ಮನೆತನದ ಮಾನ. ಅವರು ಕೊಡುವುದಿಲ್ಲ ಎಂದರು. ದಂಡು ಬಂತು. ಊರಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕವರಲ್ಲಿ ಹಲವರನ್ನು ನೇಣಿಗೆ ಹಾಕಿದರು. ಜಡಗ, ಬಾಲ, ಹಣಮ, ರಾಮ ಎಂಬ ಹೆಸರುಗಳು ಲಾವಣಿಯಾಗಿ ಇಂದಿಗೂ ಉಳಿದಿವೆ. ಅದನ್ನು ಶಾಲೆಯಲ್ಲಿ ಓದಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಪರೀಕ್ಷೆಗೆ ಓದುವಾಗ ಅದು ಶೌರ್ಯದ ಕಥೆ. ಕಾನೂನು ಓದುವವರು ಅದನ್ನು ಇನ್ನೊಮ್ಮೆ ಓದಬೇಕು: ನಮ್ಮ ನಾಡಿನಲ್ಲಿ ಶಸ್ತ್ರ ನಿಯಂತ್ರಣ ಕಾನೂನು ಮೊದಮೊದಲು ಕಾಲಿಟ್ಟದ್ದು ಹೀಗೆ.

ನಾಲ್ಕೇ ವರ್ಷ ಕಳೆಯಿತು. 1861ರಲ್ಲಿ ಅದೇ ಸರ್ಕಾರದ ಕಮಿಷನರ್ ಮಾರ್ಕ್ ಕಬ್ಬನ್ ಒಂದು ಪ್ರಕಟಣೆ ಹೊರಡಿಸಿದರು. ಬೆಂಗಳೂರಿನ ಕಬ್ಬನ್ ಉದ್ಯಾನಕ್ಕೆ ಹೆಸರು ಕೊಟ್ಟ ಕಬ್ಬನ್ ಅವರೇ. ನಿಶ್ಶಸ್ತ್ರೀಕರಣ ಕಾಯ್ದೆ ಕೊಡಗಿಗೆ ಅನ್ವಯಿಸುವುದಿಲ್ಲ ಎಂದು ಅದು ಸಾರಿತು. ಕಾರಣವನ್ನೂ ಮುಚ್ಚಿಡಲಿಲ್ಲ: ಈ ಚಿಕ್ಕ ವೀರ ಜನಾಂಗದ ಗೌರವ, ನಿಷ್ಠೆ, ನಿರ್ಭೀತಿ, ಜೊತೆಗೆ ಬ್ರಿಟಿಷ್ ಸರ್ಕಾರಕ್ಕೆ ಅದು ಸಲ್ಲಿಸಿದ ಸೇವೆ. ಆ ಸೇವೆ ಯಾವುದು ಎಂದು ಕೇಳಿದರೆ ನಮ್ಮ ಇತಿಹಾಸದ ನೋವಿನ ಪುಟವೊಂದನ್ನು ತೆರೆಯಬೇಕಾಗುತ್ತದೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಕಂಪನಿ ವಶಪಡಿಸಿಕೊಂಡಿತು. ಮೂರು ವರ್ಷದ ಬಳಿಕ ಅಮರಸುಳ್ಯದಿಂದ ಎದ್ದ ರೈತರು ಮಂಗಳೂರಿನವರೆಗೆ ನಡೆದು ಅಲ್ಲಿನ ಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿದರು. ಅದನ್ನು ಹತ್ತಿಕ್ಕಲು ಕೊಡವ ದಿವಾನರೂ ಅವರ ಜನರೂ ಕಂಪನಿಗೆ ನೆರವಾದರು. ಪ್ರತಿಯಾಗಿ ಪದಕಗಳು ಸಿಕ್ಕವು. ದಂಗೆಯ ನಾಯಕರಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ನೇಣಿಗೇರಿಸಿದರು. ನಾನು ಅರೆಭಾಷೆ ಗೌಡರ ಮನೆಯವನು. ನನ್ನ ನೆರೆಯವರು, ಸ್ನೇಹಿತರು, ನನಗೆ ವಕೀಲಿಕೆ ಕಲಿಸಿದ ಗುರುಗಳು ಕೊಡವರು. ಇಂದು ಒಬ್ಬರ ಮೇಲೊಬ್ಬರು ಬೆರಳು ತೋರಿಸಲು ಇದನ್ನು ಹೇಳುತ್ತಿಲ್ಲ. ಎರಡೂ ಸಮುದಾಯಗಳ ಜಮ್ಮಾ ಮನೆಗಳಲ್ಲಿ ಈ ಕಾಗದ ಇದೆ. ಅದು ಎಲ್ಲಿಂದ ಬಂತು ಎಂದು ಇಬ್ಬರಿಗೂ ಗೊತ್ತಿರಬೇಕು, ಅಷ್ಟಕ್ಕೆ ಹೇಳಿದೆ.

ಹಲಗಲಿಯನ್ನೂ ಮಡಿಕೇರಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದೇ ಸರ್ಕಾರ, ಒಂದೇ ಕಾಯ್ದೆಯ ಮಾತು, ಕನ್ನಡದ್ದೇ ಎರಡು ಸೀಮೆಗಳು. ಒಬ್ಬರ ಕೈಯಿಂದ ಆಯುಧ ಕಿತ್ತು ಕೊರಳಿಗೆ ಹಗ್ಗ ಹಾಕಿದರು. ಇನ್ನೊಬ್ಬರಿಗೆ ಬೆನ್ನು ತಟ್ಟಿ ಕೋವಿ ಬಿಟ್ಟುಕೊಟ್ಟರು. ಕೋವಿ ಇದ್ದರೆ ನೆರೆಹೊರೆಗೆ ಅಪಾಯವೇ, ಮನೆಯ ಮಗುವಿಗೆ ಅಪಾಯವೇ ಎಂದು ಆ ಕಾನೂನು ಯಾರನ್ನೂ ಕೇಳಲಿಲ್ಲ. ಅದು ಕೇಳಿದ್ದು ಒಂದೇ: ನೀನು ನಮ್ಮವನೋ ಅಲ್ಲವೋ? 1878ರ ಶಸ್ತ್ರ ಕಾಯ್ದೆ ಇದನ್ನು ದೇಶಕ್ಕೆಲ್ಲ ಹರಡಿತು. ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯನಿಗೆ ಪರವಾನಗಿ.

ಅದರ ಗಾಯ ಎಷ್ಟು ಆಳವಾಗಿತ್ತೆಂದರೆ ಅಹಿಂಸೆಯ ಗಾಂಧೀಜಿಯವರೇ ಅದನ್ನು ಮರೆಯಲಿಲ್ಲ. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸುವಾಗ ಹೊರಡಿಸಿದ ಕರಪತ್ರದಲ್ಲಿ, ಇಡೀ ದೇಶವನ್ನು ನಿರಾಯುಧಗೊಳಿಸಿದ ಕಾಯ್ದೆಯನ್ನು ಬ್ರಿಟಿಷ್ ಆಳ್ವಿಕೆಯ ಅತ್ಯಂತ ಕರಾಳ ಕೃತ್ಯವೆಂದು ಇತಿಹಾಸ ಎಣಿಸುತ್ತದೆ ಎಂದು ಬರೆದರು. 1930ರ ಆರಂಭದಲ್ಲಿ ಅವರು ವೈಸ್‌ರಾಯ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆಯ ರದ್ದತಿ ಎಲ್ಲರಿಗೂ ನೆನಪಿದೆ. ಅದೇ ಪಟ್ಟಿಯಲ್ಲಿ ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿ ಕೊಡಬೇಕು, ಅದು ಜನರ ಹತೋಟಿಯಲ್ಲಿರಬೇಕು ಎಂಬುದೂ ಇತ್ತು. ಮರುವರ್ಷ ಕರಾಚಿ ಕಾಂಗ್ರೆಸ್ ಅಧಿವೇಶನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಸೇರಿಸಿತು.

ಹಾಗಿದ್ದ ಮೇಲೆ ನಮ್ಮ ಸಂವಿಧಾನದಲ್ಲಿ ಆ ಹಕ್ಕು ಏಕಿಲ್ಲ? ಅದನ್ನು ಸೇರಿಸಲು ಪ್ರಯತ್ನಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಒಬ್ಬರು, ಹರಿ ವಿಷ್ಣು ಕಾಮತ್. ಐಸಿಎಸ್, ಅಂದರೆ ಬ್ರಿಟಿಷ್ ಕಾಲದ ಉನ್ನತ ಆಡಳಿತ ಸೇವೆಯ ಹುದ್ದೆ ಬಿಟ್ಟು ಸುಭಾಷ್‌ಚಂದ್ರ ಬೋಸರ ಜೊತೆ ಸೇರಿದವರು. ಸಂವಿಧಾನ ಸಭೆಗೆ ಅವರು ಮಧ್ಯಪ್ರಾಂತ್ಯದಿಂದ ಹೋದದ್ದರಿಂದ ನಮ್ಮವರು ಎಂಬುದನ್ನು ನಾವು ಮರೆತಿದ್ದೇವೆ. 1948ರ ಡಿಸೆಂಬರ್ ಮೊದಲ ವಾರದಲ್ಲಿ, ಈಗ 19ನೆಯ ವಿಧಿಯಾಗಿರುವ ಕರಡಿನ ಮೇಲೆ ಚರ್ಚೆ ನಡೆಯುವಾಗ, ಆಯುಧ ಹೊಂದುವ ಮತ್ತು ಧರಿಸುವ ಹಕ್ಕನ್ನೂ ನಾಗರಿಕನ ಸ್ವಾತಂತ್ರ್ಯಗಳ ಸಾಲಿಗೆ ಸೇರಿಸಬೇಕೆಂದು ಅವರು ತಿದ್ದುಪಡಿ ತಂದರು. ಕರಾಚಿಯ ಮಾತನ್ನು ಸಭೆಗೆ ನೆನಪಿಸಿದರು. ಗುಲಾಮಗಿರಿಯ ಗುರುತಾಗಿದ್ದ ಕಾಯ್ದೆಯನ್ನು ಸ್ವತಂತ್ರ ದೇಶ ಹೇಗೆ ಹೊತ್ತುಕೊಂಡು ಹೋಗುತ್ತದೆ ಎಂಬ ನೋವು ಅವರ ವಾದದ ಹಿಂದಿತ್ತು. ಆ ನೋವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಅಂಬೇಡ್ಕರ್ ಉತ್ತರಿಸಿದರು. ಪ್ರತಿಯೊಬ್ಬನೂ ಸಂತೆಗೆ ಹೋಗಿ ತನಗೆ ಬೇಕಾದ ಮಾರಕ ಸಾಧನಗಳನ್ನು ಯಾವ ಅಂಕೆಯೂ ಇಲ್ಲದೆ ಕೊಂಡು ತರುವ ಹಕ್ಕು ಪಡೆದರೆ ರಾಜ್ಯ ಆಡಳಿತ ನಡೆಸುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆಯ ಸಾರಾಂಶ. ಅದಕ್ಕಿಂತ ದೊಡ್ಡದೊಂದು ಮಾತನ್ನೂ ಹೇಳಿದರು. ನಾವು ಒತ್ತಾಯಿಸಬೇಕಾದ್ದು ಆಯುಧ ಧರಿಸುವ ಹಕ್ಕನ್ನಲ್ಲ, ಆಯುಧ ಧರಿಸುವ ಕರ್ತವ್ಯವನ್ನು. ಅಂದರೆ ದೇಶಕ್ಕೆ ಅಗತ್ಯ ಬಿದ್ದಾಗ ಆಯುಧ ಹಿಡಿಯುವುದು. ತಿದ್ದುಪಡಿ ಬಿದ್ದುಹೋಯಿತು. ಇಂದು 19ನೆಯ ವಿಧಿಯಲ್ಲಿ ಸಭೆ ಸೇರುವ ಹಕ್ಕು ಇದೆ. ಅದರ ಜೊತೆಗಿರುವ ಷರತ್ತನ್ನು ನೋಡಿ: ಶಾಂತವಾಗಿ, ಮತ್ತು ಆಯುಧಗಳಿಲ್ಲದೆ.

ನಾನು ವಕೀಲಿಕೆ ಶುರು ಮಾಡಿದ ಕಾಲದಲ್ಲಿ ಕಾಮತರ ಪಕ್ಷದಲ್ಲಿದ್ದೆ. ಈಗ ಅಂಬೇಡ್ಕರ್ ಮಾತೇ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಹಾಗೆ ಬದಲಾಗಲು ಪುಸ್ತಕ ಕಾರಣವಲ್ಲ. ನಮ್ಮ ಮನೆಯ ಚಾವಣಿಯಲ್ಲಿರುವ ಒಂದು ತೂತು ಕಾರಣ.

ನನಗೆ ಆಗ ಹತ್ತು ವರ್ಷ. ಅಜ್ಜನದು ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ಒತ್ತಿ, ಕೊನೆಗೆ ಹಿಂದುಗಡೆ ಕೇಪು ಇಡಬೇಕು. ಕಾಡುಹಂದಿ ಗದ್ದೆಗೆ ಇಳಿಯುವ ಕಾಲದಲ್ಲಿ ಅಜ್ಜ ಅದನ್ನು ತುಂಬಿಸಿಯೇ ಬಾಗಿಲ ಹಿಂದೆ ಒರಗಿಸಿ ಇಡುತ್ತಿದ್ದರು. ಅಂದು ಕೈಲುಮುಹೂರ್ತದ, ಅಂದರೆ ಆಯುಧಗಳಿಗೆ ಪೂಜೆ ಮಾಡುವ ನಮ್ಮ ಹಬ್ಬದ ಮರುದಿನ. ಹಿಂದಿನ ದಿನ ದೇವರ ಮುಂದೆ ಇಟ್ಟಿದ್ದ ಕೋವಿಯ ನಳಿಗೆಯಲ್ಲಿ ತೋಕ್ ಹೂ ಇನ್ನೂ ಸಿಕ್ಕಿಕೊಂಡಿತ್ತು. ನಿಮ್ಮ ಕಡೆ ಅದನ್ನು ಅಗ್ನಿಶಿಖೆ ಎನ್ನುತ್ತಾರೆ, ಕೆಂಪು ಹಳದಿ ಎಸಳು ಮೇಲಕ್ಕೆ ತಿರುಗಿರುತ್ತದೆ. ಆ ಹೂವಿಗಾಗಿಯೇ ನಾನು ಕೋವಿ ಎತ್ತಿಕೊಂಡೆ. ಚಿಕ್ಕಪ್ಪನ ಮಗಳು, ಆರು ವರ್ಷದವಳು, ಎದುರಿಗೆ ನಿಂತು ಹೂ ತನಗೆ ಕೊಡು ಎಂದು ಅಳುತ್ತಿದ್ದಳು. ಭಾರ ತಾಳಲಾರದೆ ನಳಿಗೆ ಮೇಲಕ್ಕೆ ಎದ್ದಿತು. ಬೆರಳು ಕೋವಿಯ ಕುದುರೆಗೆ (ಟ್ರಿಗರ್‌ಗೆ) ತಗುಲಿತು. ಈಡು ಹಾರಿತು.

ಹೊಗೆ ಕರಗಿದಾಗ ಹಲಗೆಯ ಚಾವಣಿಯಲ್ಲಿ ಅಂಗೈ ಅಗಲದ ತೂತು. ಅವಳ ತಲೆಗೂದಲಿನ ಮೇಲೆ ಮರದ ಪುಡಿ. ಅವ್ವ ಅವಳನ್ನು ಎತ್ತಿಕೊಂಡು ಮೈಯೆಲ್ಲ ತಡವಿ ನೋಡುತ್ತಿದ್ದದ್ದು, ಏನೂ ಆಗಿಲ್ಲವೆಂದು ಗೊತ್ತಾದ ಮೇಲೂ ತಡವುತ್ತಲೇ ಇದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಜ್ಜ ನನ್ನನ್ನು ಬೈಯಲಿಲ್ಲ. ಕೋವಿ ತೆಗೆದುಕೊಂಡು ಹೋಗಿ ಒರೆಸಿ ಇಟ್ಟರು. ಮತ್ತೆ ತುಂಬಿಸಿಯೇ, ಮತ್ತೆ ಅದೇ ಬಾಗಿಲ ಹಿಂದೆ.

ಇದು ಒರಟು ಮನುಷ್ಯರ ಮನೆ ಎಂದು ದಯವಿಟ್ಟು ತಿಳಿಯಬೇಡಿ. ಕೊಡಗಿನಲ್ಲಿ ಕೋವಿಗೆ ಇರುವ ಗೌರವವನ್ನು ಹೊರಗಿನವರಿಗೆ ಹೇಳಿ ಮುಗಿಸಲು ಆಗುವುದಿಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಗುಡ್ಡದ ಆಚೆಯ ಮನೆಯವರು ಸದ್ದು ಎಣಿಸಿ ಕೆಲಸ ನಿಲ್ಲಿಸಿ ಹೊರಡುತ್ತಿದ್ದರು. ಸುಗ್ಗಿಯ ಹಬ್ಬವಾದ ಹುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಗುಂಡು ಹಾರಬೇಕು. ಕೈಲುಮುಹೂರ್ತದ ಸಂಜೆ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆಯಲ್ಲಿ ಹೆಂಗಸರೂ ಗೆಲ್ಲುತ್ತಾರೆ. ಆಯುಧಪೂಜೆಯ ದಿನ ಗಾರೆ ಕೆಲಸದವರು ಕರಣೆಗೆ, ಚಾಲಕರು ಬಸ್ಸಿಗೆ ಕುಂಕುಮ ಇಡುವ ಭಾವವೇ ಇದು. ಗೌರವ ಬೇಕಾದಷ್ಟು ಇತ್ತು, ಕಪಾಟಿಗೆ ಬೀಗ ಇರಲಿಲ್ಲ. ಗೌರವ ಇರುವಲ್ಲಿ ಬೀಗ ಬೇಡ ಎಂದು ನಮ್ಮ ಹಿರಿಯರು ನಂಬಿದ್ದರು. ಆ ನಂಬಿಕೆ ತಪ್ಪು.

ಈಗ ಕಾನೂನಿಗೆ ಬರೋಣ. ಸ್ವತಂತ್ರ ಭಾರತ 1959ರಲ್ಲಿ ಹೊಸ ಶಸ್ತ್ರಾಸ್ತ್ರ ಕಾಯ್ದೆ ಮಾಡಿತು. ಅದರ 13ನೆಯ ಕಲಮನ್ನು ನಿಧಾನವಾಗಿ ಓದಿ. ರಕ್ಷಣೆಗೆ ಅಥವಾ ಕ್ರೀಡೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನಯ ಒಳಮೈಯ ಕೋವಿ, ಅಥವಾ ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳಿದರೆ, ನಿರಾಕರಿಸಲು ಕಾರಣವಿಲ್ಲದಿದ್ದಲ್ಲಿ ಅಧಿಕಾರಿ ಪರವಾನಗಿ ಕೊಡತಕ್ಕದ್ದು. ಕೊಡಬಹುದು ಎಂದಲ್ಲ, ಕೊಡತಕ್ಕದ್ದು. ಕಾಗದದ ಮೇಲೆ ರೈತನ ಪರವಾಗಿ ಇಷ್ಟು ಸ್ಪಷ್ಟವಾಗಿರುವ ಕಾನೂನು, ಕಚೇರಿಯ ಕಟ್ಟೆ ಹತ್ತಿದ ಮೇಲೆ ಬೇರೆಯೇ ಆಗುತ್ತದೆ. ಮಲೆನಾಡಿನ ಸಣ್ಣ ರೈತ ಪೊಲೀಸ್ ಠಾಣೆ, ಕಂದಾಯ ಕಚೇರಿ, ಜಿಲ್ಲಾಧಿಕಾರಿ ಕಚೇರಿಗಳ ನಡುವೆ ತಿರುಗಿ ಚಪ್ಪಲಿ ಸವೆಸಿದ್ದನ್ನು ನಾನು ಎಷ್ಟೋ ಕಡತಗಳಲ್ಲಿ ಕಂಡಿದ್ದೇನೆ. ಚುನಾವಣೆ ಘೋಷಣೆಯಾದರೆ ಇದ್ದ ಕೋವಿಯನ್ನೂ ಠಾಣೆಗೆ ಠೇವಣಿ ಇಡಬೇಕು. ಭತ್ತ ತೆನೆ ಕಟ್ಟುವ ಹೊತ್ತಿಗೆ ಮನೆಯಲ್ಲಿ ಕೋವಿ ಇರುವುದಿಲ್ಲ, ಹಂದಿ ಇರುತ್ತದೆ.

ನಮಗೋ ಈ ಅಲೆದಾಟವೇ ಬೇಡ. 41ನೆಯ ಕಲಮಿನ ಅಡಿ ಕೇಂದ್ರ ಸರ್ಕಾರ ಹೊರಡಿಸುವ ಅಧಿಸೂಚನೆಯಲ್ಲಿ ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. 1963ರಲ್ಲಿ ಬಂದ ಈ ಏರ್ಪಾಡು 2019ರ ಅಕ್ಟೋಬರ್‌ನಲ್ಲಿ ಇನ್ನೂ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ 31ರವರೆಗೆ ಮುಂದುವರಿಯಿತು. ಜನಾಂಗ ಮತ್ತು ಭೂಹಿಡುವಳಿಯ ಆಧಾರದ ಮೇಲೆ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧ ಎಂದು ಸೇನೆಯ ನಿವೃತ್ತ ಕ್ಯಾಪ್ಟನ್ ಒಬ್ಬರು ಕರ್ನಾಟಕ ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅರ್ಜಿಯನ್ನು ವಜಾ ಮಾಡಿತು. ಸ್ವಾತಂತ್ರ್ಯಪೂರ್ವದಿಂದ ಬಂದ ವಿನಾಯಿತಿ, ಸೈನಿಕ ಪರಂಪರೆಯ ಸಮುದಾಯ, ಅನಿರ್ದಿಷ್ಟ ಕಾಲಕ್ಕಲ್ಲ, ಹತ್ತು ವರ್ಷಕ್ಕೆ ಷರತ್ತುಗಳೊಡನೆ ಕೊಟ್ಟದ್ದು ಎಂಬ ಕಾರಣಗಳನ್ನು ಹೇಳಿತು. ವಿಷಯ ಸುಪ್ರೀಂ ಕೋರ್ಟಿನ ಬಾಗಿಲಿಗೂ ಹೋಯಿತು.

ತೀರ್ಪು ಬಂದ ದಿನ ನಮ್ಮ ಊರಿನಲ್ಲಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆ ಅರ್ಜಿಯನ್ನು ಹಲವರು ಅವಮಾನವೆಂದು ತೆಗೆದುಕೊಂಡಿದ್ದರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ನಾಡಿಗೆ ಕೋವಿ ಹಿಡಿಯುವ ಯೋಗ್ಯತೆ ಕೇಳುವುದೇ ಎಂಬ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅಂದು ಸಂಜೆಯೇ ತೋಟದಲ್ಲಿ ಒಂದು ಪ್ರಶ್ನೆ ಎದುರಾಯಿತು, ಅದಕ್ಕೆ ಇವತ್ತಿಗೂ ನನ್ನ ಬಳಿ ಉತ್ತರವಿಲ್ಲ. ನಮ್ಮ ತೋಟದ ಕೆಲಸಕ್ಕೆ ಬರುವ ಎರವ ಬುಡಕಟ್ಟಿನ ಹಿರಿಯರೊಬ್ಬರು, ಬಹಳ ವರ್ಷಗಳಿಂದ ಪರಿಚಯ, ಪಟಾಕಿಯ ಪೊಟ್ಟಣ ತೋರಿಸಿ ಹೇಳಿದರು: "ಅಯ್ಯಾ, ಆನೆ ಬಂದರೆ ನಿಮಗೆ ಕೋವಿ. ನಮಗೆ ಇದು."

ಬೆಳಗ್ಗೆ ಆರು ಗಂಟೆಗೆ ಮಂಜು ಹರಿಯುವ ಮೊದಲು ಕಾಫಿ ಗಿಡಗಳ ನಡುವೆ ನಡೆದು ಹೋಗುವವರು ಯಾರು? ಎರವರು, ಜೇನುಕುರುಬರು, ಹೊರ ಊರುಗಳಿಂದ ಕೂಲಿಗೆ ಬಂದವರು. ಆನೆ ಅವರ ಮುಂದೆ ಬರುತ್ತದೆ. ವಿನಾಯಿತಿ ಪತ್ರ ಇರುವ ನಾನು ಆ ಹೊತ್ತಿಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿರುತ್ತೇನೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆನೆಗೆ ಗುಂಡು ಹೊಡೆಯುವಂತಿಲ್ಲ, ಹೊಡೆಯಲೂಬಾರದು. ಗಾಳಿಯಲ್ಲಿ ಈಡು ಹಾರಿಸಿ ಬೆದರಿಸಬಹುದು, ಅಷ್ಟೇ. ಆ ಸದ್ದು ಕೂಡ ಜಮ್ಮಾ ಮನೆಯವರದು. ಜಮ್ಮಾ ಎಂಬುದು ರಾಜರ ಕಾಲದಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ. ಆ ಭೂಮಿಯನ್ನು ಉತ್ತವರ ಮೊಮ್ಮಕ್ಕಳು ಈ ಅಧಿಸೂಚನೆಯಲ್ಲಿ ಎಲ್ಲಿಯೂ ಇಲ್ಲ. ಎಲ್ಲರಿಗೂ ಕೋವಿ ಹಂಚಿ ಎಂದು ನಾನು ಕೇಳುತ್ತಿಲ್ಲ. ಹುಟ್ಟನ್ನು ನೋಡಿ ಕೋವಿ ಕೊಡುವ ಕಾನೂನು, ಹುಟ್ಟನ್ನು ನೋಡಿಯೇ ಅಪಾಯವನ್ನೂ ಹಂಚುತ್ತಿದೆ. ಇದು ನನಗೆ ನಿದ್ದೆ ಕೆಡಿಸುವ ವಿಷಯ.

ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಈಗ ಇನ್ನೊಂದು ಪ್ರಶ್ನೆ ಎದ್ದಿರಬಹುದು. ಕಾನೂನುಬದ್ಧ ಕೋವಿಯನ್ನು ಇಷ್ಟು ಬಿಗಿ ಮಾಡಿ ಏನು ಪ್ರಯೋಜನ, ಕೊಲ್ಲುವವನು ಪರವಾನಗಿ ಕೇಳುತ್ತಾನೆಯೇ? ಈ ಮಾತಿಗೆ ನಮ್ಮ ರಾಜ್ಯದಲ್ಲೇ ಕಹಿಯಾದ ಆಧಾರವಿದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಅವರ ಮನೆಯ ಮುಂದೆ ಕೊಂದರು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಎರಡು ವರ್ಷ ಆ ಒಂದು ಪಿಸ್ತೂಲು ಯಾರದೋ ಕೈಯಲ್ಲಿ ಸುಭದ್ರವಾಗಿ ಇತ್ತು. ಠೇವಣಿ ಇಡಿಸಿಕೊಳ್ಳಲು ರೈತನ ಮನೆ ಬಾಗಿಲಿಗೆ ಬರುವ ಕಾನೂನಿಗೆ ಅದು ಸಿಗಲಿಲ್ಲ.

2019ರ ತಿದ್ದುಪಡಿ ಕಾಯ್ದೆ ಕಳ್ಳ ಆಯುಧ ತಯಾರಿಕೆ, ಸಾಗಾಟಕ್ಕೆ ಶಿಕ್ಷೆಯನ್ನು ಹೆಚ್ಚಿಸಿತು. ಒಬ್ಬನಿಗೆ ಮೂರು ಇದ್ದ ಕೋವಿಯ ಮಿತಿಯನ್ನು ಎರಡಕ್ಕೆ ಇಳಿಸಿತು. ಮೊದಲು ಒಂದಕ್ಕೇ ಇಳಿಸುವ ಪ್ರಸ್ತಾಪವಿತ್ತು. ಮದುವೆ, ಜಾತ್ರೆಗಳಲ್ಲಿ ಇನ್ನೊಬ್ಬರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಉತ್ತರ ಭಾರತದ ಮದುವೆ ಮೆರವಣಿಗೆಗಳಲ್ಲಿ ಜೀವ ಹೋದ ಮೇಲೆ ಬಂದ ಈ ನಿಯಮವನ್ನು ನಾನು ಸ್ವಾಗತಿಸುತ್ತೇನೆ. ನಮ್ಮ ಹುತ್ತರಿಯ ಗುಂಡೂ ಆ ಮಾತಿಗೆ ತಲೆಬಾಗಬೇಕು.

ಕಳ್ಳ ಪಿಸ್ತೂಲನ್ನು ಪೊಲೀಸರು ಹಿಡಿಯಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಆದರೆ ಅದು ಸಿಗಲಿಲ್ಲ ಎಂಬ ಕಾರಣಕ್ಕೆ ಬಾಗಿಲ ಹಿಂದೆ ತುಂಬಿಸಿಟ್ಟ ಕೋವಿಯನ್ನು ಹಾಗೇ ಬಿಡಬೇಕು ಎಂಬ ವಾದ ನನಗೆ ಹಿಡಿಸುವುದಿಲ್ಲ. ಕುಡಿದ ಜಗಳದಲ್ಲಿ, ಮನಸ್ಸು ಕುಸಿದ ರಾತ್ರಿಯಲ್ಲಿ, ಪೊದೆ ಅಲುಗಿದ್ದನ್ನು ಹಂದಿಯೆಂದು ತಿಳಿದು ಜೊತೆಗಾರನಿಗೇ ಹೊಡೆದ ಬೇಟೆಯಲ್ಲಿ ಸದ್ದು ಮಾಡಿದ್ದು ಕಾಗದವಿದ್ದ ಕೋವಿಗಳೇ. ಅಂತಹ ಕಡತಗಳನ್ನು ನಾನು ಕೈಯಾರೆ ನಡೆಸಿದ್ದೇನೆ. ಆರೋಪಿಯ ಕಟಕಟೆಯಲ್ಲಿ ನಿಂತವನು ಸತ್ತವನ ಬಾಲ್ಯದ ಗೆಳೆಯನಾಗಿರುತ್ತಾನೆ. ಏನು ವಾದಿಸಿ ಯಾರನ್ನು ಗೆಲ್ಲಿಸುವುದು?

ಅಮೆರಿಕದ ಬಗ್ಗೆ ಎರಡು ಮಾತು. 1791ರಲ್ಲಿ ಸೇರಿಸಿದ ಎರಡನೆಯ ತಿದ್ದುಪಡಿ ಮೂಲದಲ್ಲಿ ಇಪ್ಪತ್ತೇಳು ಪದಗಳ ಒಂದು ವಾಕ್ಯ. ಸುವ್ಯವಸ್ಥಿತ ನಾಗರಿಕ ಪಡೆಯ ಪ್ರಸ್ತಾಪದಿಂದಲೇ ಅದು ಆರಂಭವಾಗುತ್ತದೆ. ಆಯುಧದ ಹಕ್ಕಿನ ಮಾತು ಆಮೇಲೆ ಬರುತ್ತದೆ. 2008ರ ಹೆಲ್ಲರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದು-ನಾಲ್ಕರ ಬಹುಮತದಿಂದ, ಅದು ಪಡೆಗೆ ಸೇರಿದ ಮಾತಲ್ಲ, ಮನೆಯಲ್ಲಿ ಆತ್ಮರಕ್ಷಣೆಗೆ ಕೋವಿ ಇಟ್ಟುಕೊಳ್ಳುವ ವ್ಯಕ್ತಿಯ ಹಕ್ಕು ಎಂದಿತು. 2022ರಲ್ಲಿ ಅದನ್ನು ಮನೆಯ ಹೊರಗೂ ವಿಸ್ತರಿಸಿತು. ಕರ್ತವ್ಯದ ಮಾತಿನಿಂದ ಶುರುವಾದ ವಾಕ್ಯ ಬರಿಯ ಹಕ್ಕಾಗಿ ಉಳಿಯಿತು. ಅಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳ ಮಕ್ಕಳೂ ಶಾಲೆಯಲ್ಲಿ ಬಂದೂಕುಧಾರಿ ನುಗ್ಗಿದರೆ ಎಲ್ಲಿ ಅಡಗಬೇಕು ಎಂದು ಅಭ್ಯಾಸ ಮಾಡುತ್ತಾರೆ. ನನ್ನ ತಮ್ಮನ ಮೊಮ್ಮಗಳು ಫೋನಿನಲ್ಲಿ ಅದನ್ನು ಆಟದಂತೆ ವಿವರಿಸಿದಳು. ಈ ಕಡೆ ನಮಗೆ ಮಾತೇ ಹೊರಡಲಿಲ್ಲ.

ಹಾಗಾದರೆ ನಾನು ಕೇಳುವುದೇನು? ಕೈಲುಮುಹೂರ್ತ ಉಳಿಯಬೇಕು, ನಳಿಗೆಗೆ ಹೂವು ಉಳಿಯಬೇಕು, ಸಾವಿನ ಎರಡು ಗುಂಡೂ ಉಳಿಯಬೇಕು. ಆದರೆ ವಿನಾಯಿತಿ ಇರುವವನಿಗೂ ಇಲ್ಲದವನಿಗೂ ಒಂದೇ ಕಟ್ಟುಪಾಡು ಇರಬೇಕು. ಬೀಗ ಹಾಕುವ ಕಬ್ಬಿಣದ ಕಪಾಟು, ಬೇರೆ ಜಾಗದಲ್ಲಿ ಮದ್ದುಗುಂಡು, ಬಳಸಲು ಕಲಿತ ದೃಢೀಕರಣ, ಮನಸ್ಸಿನ ಆರೋಗ್ಯದ ಬಗ್ಗೆ ವೈದ್ಯರ ಮಾತು, ಕೆಲವು ವರ್ಷಕ್ಕೊಮ್ಮೆ ಮನೆಗೆ ಬಂದು ನೋಡುವ ಅಧಿಕಾರಿ. 2029ರಲ್ಲಿ ಅಧಿಸೂಚನೆ ಮತ್ತೆ ಬರೆಯುವಾಗ ಜನಾಂಗ ಎಂಬ ಪದದ ಜಾಗಕ್ಕೆ ಈ ಹೊಣೆ ಬರಲಿ. ಕಾಡಂಚಿನ ಸಣ್ಣ ರೈತನಿಗೆ 13ನೆಯ ಕಲಮು ಕೊಟ್ಟಿರುವುದು ಕಚೇರಿಯಲ್ಲೂ ಸಿಗಲಿ, ಅದೇ ಹೊಣೆಯೊಡನೆ. ಎರವರು ವಾಸಿಸುವ ಹಾಡಿಗಳಿಗೆ ಕೋವಿಗಿಂತ ಮೊದಲು ಆನೆ ಬರುತ್ತಿದೆ ಎಂದು ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆಯೂ ಕೆಲಸಕ್ಕೆ ಕರೆದೊಯ್ಯುವ ವಾಹನವೂ ಬೇಕು. ಅದನ್ನು ಕೊಡಬೇಕಾದವರು ನಮ್ಮಂಥ ತೋಟದ ಮಾಲೀಕರು. ನಾನು ವಾಹನದ ವ್ಯವಸ್ಥೆ ಮಾಡಿದ್ದು ಕಳೆದ ವರ್ಷವಷ್ಟೇ. ತಡವಾಯಿತು.

ಅಜ್ಜನ ಕೋವಿ ಈಗ ಕಪಾಟಿನಲ್ಲಿದೆ. ಕೀಲಿ ನನ್ನ ಹೆಂಡತಿಯ ಬಳಿ. ಚಾವಣಿಯ ಆ ತೂತಿನ ಬಗ್ಗೆ ಐವತ್ತು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಮಾತನಾಡಿಲ್ಲ. ಮಕ್ಕಳು ಕೇಳಿದರೆ ಗೆದ್ದಲು ತಿಂದದ್ದು ಎನ್ನುತ್ತಿದ್ದೆವು. ಚಿಕ್ಕಪ್ಪನ ಮಗಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಬರುವ ಸೆಪ್ಟೆಂಬರ್‌ನ ಕೈಲುಮುಹೂರ್ತಕ್ಕೆ ಅವಳು ಎಲ್ಲರನ್ನೂ ಕರೆದುಕೊಂಡು ಬರುತ್ತೇನೆ ಎಂದಿದ್ದಾಳೆ. ಪೂಜೆ ಮುಗಿದು ಕಡುಬಿನ ಊಟ ಆದ ಮೇಲೆ ಮಕ್ಕಳನ್ನು ಆ ಕೋಣೆಯಲ್ಲಿ ಕೂರಿಸಿ ಮೇಲೆ ನೋಡಿ ಎಂದು ಹೇಳುವವಳಿದ್ದಾಳೆ. ಅಂದು ಏನಾಯಿತು ಎಂದು ನನ್ನ ಬಾಯಿಂದಲೇ ಅವರು ಕೇಳಬೇಕಂತೆ. ನಾನು ಒಪ್ಪಿದ್ದೇನೆ.